ತುಂಬುವ ಕೈ, ಗುರಿಯಿಡುವ ಕಣ್ಣು

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ನಳದುರ್ಗ ದಾಟಿದ ಮೇಲೆ ಸಿಗುವ ಪೇಟೆ ಉಮರ್ಗಾ. ಅಲ್ಲಿಂದ ಈಶಾನ್ಯಕ್ಕೆ ನಿಲಂಗಾ, ಇನ್ನೂ ಆಚೆಗೆ ಉದಗೀರ. ಕರಿಮಣ್ಣಿನ, ಜೋಳ ತೊಗರಿಗಳ ನಾಡು. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಮೈಸೂರಿಗೆ ಸೇರಿತು. ಈ ಎರಡು ತಾಲೂಕುಗಳು ಅಹಮದಪುರದೊಂದಿಗೆ ಮುಂಬಯಿ ರಾಜ್ಯಕ್ಕೆ ಹೋದವು. ಅದೇ ವರ್ಷ, ಅದೇ ಕಾನೂನಿನಿಂದ ದಕ್ಷಿಣ ಕನ್ನಡವನ್ನು ಬಿಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನ ಓದುಗರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂದಿನ ಮಾತು ಗಡಿಯದಲ್ಲ, ಕೋವಿಯದು.

ಈ ಮಣ್ಣಿನ ಮೇಲೆ 1760ರಲ್ಲಿ ಒಮ್ಮೆ, 1948ರಲ್ಲಿ ಇನ್ನೊಮ್ಮೆ ದೊಡ್ಡ ಪ್ರಮಾಣದಲ್ಲಿ ಗುಂಡು ಹಾರಿತು. ನಡುವೆ 188 ವರ್ಷಗಳ ಅಂತರ. ಅಷ್ಟರೊಳಗೆ ಜಗತ್ತಿನ ಕೋವಿ ಸಂಪೂರ್ಣ ಬದಲಾಗಿತ್ತು. ಬದಲಾದದ್ದು ಮುಖ್ಯವಾಗಿ ಎರಡೇ ಸಂಗತಿ: ಅದನ್ನು ತುಂಬುವ ಬಗೆ ಮತ್ತು ಗುರಿಯಿಡುವ ಬಗೆ. ಯಾರು ಬದುಕಿದರು, ಯಾರು ಸತ್ತರು ಎಂಬುದನ್ನು ಎಷ್ಟೋ ಕಡೆ ಈ ಎರಡೇ ನಿರ್ಧರಿಸಿದವು. ಹಂದಿಯ ಕಾಟದಿಂದ ಕೋವಿಯ ಮಾತು ಮತ್ತೆ ಮನೆಮನೆಯಲ್ಲಿ ಕೇಳಿಬರುತ್ತಿರುವ ಈ ದಿನಗಳಲ್ಲಿ ಇದನ್ನು ತಿಳಿದುಕೊಳ್ಳುವುದು ಅನುಚಿತವಲ್ಲ.

ಠಾಸಣಿಯ ಕಾಲ

1760ರ ಫೆಬ್ರವರಿ 3ರಂದು ಉದಗೀರದ ಯುದ್ಧದಲ್ಲಿ ಸದಾಶಿವರಾವ್ ಭಾವುವಿನ ಮರಾಠಾ ಸೈನ್ಯ ನಿಜಾಮನ ಸೈನ್ಯವನ್ನು ಸೋಲಿಸಿತು. ದೌಲತಾಬಾದ್, ಬಿಜಾಪುರಗಳು ಸೇರಿದಂತೆ ದೊಡ್ಡ ಪ್ರದೇಶವೊಂದು ಮರಾಠರ ಕೈಗೆ ಬಂತು. ಆ ಕಾಲದ ದಖನಿನಲ್ಲಿ ಹೆಸರು ಮಾಡಿದವರು ಗಾರ್ದಿಗಳು, ಅಂದರೆ ಫ್ರೆಂಚರ ಕವಾಯತು ಕಲಿತ ಬಂದೂಕಿನ ಪದಾತಿಗಳು. ಅವರ ನಾಯಕ ಇಬ್ರಾಹಿಂ ಖಾನ್ ಗಾರ್ದಿ ನಿಜಾಮನ ಚಾಕರಿ ಬಿಟ್ಟು ಮರಾಠರನ್ನು ಸೇರಿದವನು. 1761ರ ಜನವರಿ 14ರಂದು ಪಾಣಿಪತದಲ್ಲಿ ಮರಾಠರ ಪರವಾಗಿ ಕಾದಾಡಿ ಸೆರೆಸಿಕ್ಕು ಪ್ರಾಣ ಕಳೆದುಕೊಂಡ.

ಅಂದಿನ ಬಂದೂಕಿಗೆ ಮರಾಠಿಯಲ್ಲಿ ‘ಠಾಸಣಿಯ ಬಂದೂಕು’ ಎನ್ನುತ್ತಾರೆ. ಠಾಸಣಿ ಎಂದರೆ ಗಿಡಿಯುವುದು. ನಳಿಗೆಯ ಬಾಯಿಯನ್ನು ಮೇಲೆ ಮಾಡಿ ನಿಲ್ಲಬೇಕು, ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಮೇಲೆ ಕಾಗದವನ್ನೋ ನಾರನ್ನೋ ಇಟ್ಟು ಸಲಾಕೆಯಿಂದ ಗಿಡಿಯಬೇಕು, ಆಮೇಲೆ ಕಿವಿಯ ಬಟ್ಟಲಿಗೆ ಚಿಟಿಕೆ ಮದ್ದು ಹಾಕಬೇಕು. ಹೊಗೆಯಾಡುವ ಬತ್ತಿಯಿಂದಲೋ ಚಕಮಕಿ ಕಲ್ಲಿನ ಕಿಡಿಯಿಂದಲೋ ಅದಕ್ಕೆ ಬೆಂಕಿ ತಗಲಿದರೆ ಈಡು ಹಾರಿತು. ಮಳೆ ಬಂದರೆ ಅದೂ ಇಲ್ಲ. ಚೆನ್ನಾಗಿ ಪಳಗಿದ ಸಿಪಾಯಿ ಚಕಮಕಿ ಬಂದೂಕಿನಿಂದ ನಿಮಿಷಕ್ಕೆ ಎರಡು ಮೂರು ಈಡು ಹಾರಿಸಿದರೆ ಅದೇ ಹೆಚ್ಚು. ಪಳಗದವನಿಗೆ ಒಂದೇ ಒಂದು ಈಡು, ಆಮೇಲೆ ಕತ್ತಿಯೇ ಗತಿ.

ಈ ಕ್ರಮದಲ್ಲಿ ಇನ್ನೊಂದು ಅಪಾಯವಿದೆ. ನಳಿಗೆಯೊಳಗೆ ಏನಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. 1863ರಲ್ಲಿ ಅಮೇರಿಕದ ಗೆಟಿಸ್‌ಬರ್ಗ್ ಯುದ್ಧವಾದ ಮೇಲೆ ರಣರಂಗದಿಂದ 27 ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಹೆಕ್ಕಿದರು. ಅವುಗಳಲ್ಲಿ ಬಹುಪಾಲು ತುಂಬಿಯೇ ಇದ್ದವು. ಸಾವಿರಾರು ಬಂದೂಕುಗಳಲ್ಲಿ ಒಂದರ ಮೇಲೊಂದು ಎರಡು ಈಡು, ಕೆಲವದರಲ್ಲಿ ಅದಕ್ಕೂ ಹೆಚ್ಚು! ಗದ್ದಲದಲ್ಲಿ ತನ್ನ ಬಂದೂಕು ಹಾರಿತೋ ಇಲ್ಲವೋ ಎಂಬುದೇ ಸಿಪಾಯಿಗೆ ತಿಳಿಯದೆ ಮತ್ತೆ ಮತ್ತೆ ತುಂಬುತ್ತ ಹೋಗಿದ್ದ. ಅಂತಹ ಬಂದೂಕು ಹಾರಿದರೆ ನಳಿಗೆ ಸಿಡಿದು ಹಾರಿಸಿದವನನ್ನೇ ತಿನ್ನುತ್ತದೆ.

ಬೇಕಲದ ಗೋಡೆ ಕಲಿಸುವ ಪಾಠ

ಗುರಿಯ ವಿಷಯಕ್ಕೆ ಬರೋಣ. ಅದಕ್ಕೆ ಉದಗೀರದ ವರೆಗೆ ಹೋಗಬೇಕಾಗಿಲ್ಲ. ನಮ್ಮ ಬೇಕಲ ಕೋಟೆ ಸಾಕು. ಕೆಳದಿಯ ನಾಯಕರ ಈ ಕೋಟೆಯ ಹೊರಗೋಡೆಯಲ್ಲಿ ಬೇರೆ ಬೇರೆ ಎತ್ತರದಲ್ಲಿ ಕಂಡಿಗಳಿವೆ. ಮೇಲಿನ ಕಂಡಿಗಳಿಂದ ನೋಡಿದರೆ ದೂರದ ಜಾಗ ಕಾಣುತ್ತದೆ. ಅದರ ಕೆಳಗಿನವುಗಳಿಂದ ಸ್ವಲ್ಪ ಹತ್ತಿರದ ಜಾಗ. ತೀರ ಕೆಳಗಿನವುಗಳಿಂದ ಗೋಡೆಯ ಬುಡ. ಶತ್ರು ಎಷ್ಟು ದೂರದಲ್ಲಿದ್ದಾನೆಂದು ನೋಡಿಕೊಂಡು ಕಾವಲಿನವನು ಕಂಡಿಯನ್ನು ಆರಿಸಿಕೊಂಡರಾಯಿತು. ದೂರವನ್ನು ಎತ್ತರಕ್ಕೆ ತಿರುಗಿಸುವ ಲೆಕ್ಕವನ್ನು ಕಟ್ಟಿದವರು ಕಲ್ಲಿನಲ್ಲೇ ಮಾಡಿಟ್ಟಿದ್ದಾರೆ. ಮುಂದೆ ರೈಫಲಿನ ಮೇಲೆ ಬಂದ ‘ಏಣಿ ಗುರಿ’ಯೂ ಇದೇ ಲೆಕ್ಕ. ನಳಿಗೆಯ ಹಿಂಭಾಗದಲ್ಲಿ ನೆಟ್ಟಗೆ ಎಬ್ಬಿಸಬಹುದಾದ ಒಂದು ಪುಟ್ಟ ಏಣಿ. ಅದರ ಮೇಲೆ ನೂರು, ಇನ್ನೂರು, ಮುನ್ನೂರು ಗಜ ಎಂದು ಗೆರೆಗಳು. ಗೆರೆಯಿಂದ ಗೆರೆಗೆ ಏರುವ ಒಂದು ಜಾರುಪಟ್ಟಿ.

ಏರಿಸುವುದು ಯಾಕೆ? ನಳಿಗೆಯನ್ನು ಬಿಟ್ಟ ಗುಂಡು ಆ ಗಳಿಗೆಯಿಂದಲೇ ನೆಲದ ಕಡೆಗೆ ಬೀಳತೊಡಗುತ್ತದೆ. ಸೆಕೆಂಡಿಗೆ 2,200 ಅಡಿ ವೇಗದಲ್ಲಿ ಹೊರಟ ಗುಂಡು ನೂರು ಗಜ ಹೋಗುವಷ್ಟರಲ್ಲಿ ನಾಲ್ಕು ಇಂಚಿನಷ್ಟು ಕೆಳಗಿಳಿದಿರುತ್ತದೆ. ಇನ್ನೂರು ಗಜಕ್ಕೆ ಎಂಟು ಇಂಚಲ್ಲ, ಒಂದೂವರೆ ಅಡಿಯಷ್ಟು. ದೂರ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟು. ತೆಂಗಿನ ಕಾಯಿಗೆ ಕಲ್ಲೆಸೆಯುವ ಹುಡುಗ ಈ ಲೆಕ್ಕವನ್ನು ಪುಸ್ತಕ ಓದದೆಯೇ ಬಲ್ಲ.

ಸನ್ನೆಯ ಕೋವಿ

ಶಾಲೆಯಲ್ಲಿ ಸನ್ನೆಯ ಪಾಠ ಮಾಡುವಾಗ ನಾವು ಹಾರೆ, ಏತ, ಅಡಕತ್ತರಿಗಳ ಉದಾಹರಣೆ ಕೊಡುತ್ತೇವೆ. ಕೋವಿಯಲ್ಲೂ ಸನ್ನೆ ಇದೆಯೆಂದರೆ ಮಕ್ಕಳಿಗೆ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಸೇರಿಸಿದ ತೋಟೆ ಬಳಕೆಗೆ ಬಂದ ಮೇಲೆ ಕೋವಿಯನ್ನು ಬಾಯಿಯಿಂದ ತುಂಬುವ ಅಗತ್ಯವೇ ಹೋಯಿತು. ಹಿಂದಿನಿಂದ ತೆರೆದು ತುಂಬಿದರಾಯಿತು. ತೆರೆಯುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕಿದ ಉತ್ತರಗಳಲ್ಲಿ ಸನ್ನೆಯೂ ಒಂದು.

ಟ್ರಿಗರಿನ ಸುತ್ತ ಬಳೆಯಂತಿರುವ ಕಬ್ಬಿಣವೇ ಈ ಸನ್ನೆ. ಬೆರಳುಗಳನ್ನು ಅದರೊಳಗಿಟ್ಟು ಕೆಳಕ್ಕೆ ಒತ್ತಿದರೆ ಹಾರಿದ ತೋಟೆ ಹೊರಕ್ಕೆ ಬೀಳುತ್ತದೆ, ಕುದುರೆ ಹಿಂದಕ್ಕೆ ಬಾಗುತ್ತದೆ. ಮೇಲಕ್ಕೆ ಎಳೆದರೆ ಹೊಸ ತೋಟೆ ನಳಿಗೆಗೆ ಸೇರಿ ಬಾಗಿಲು ಮುಚ್ಚುತ್ತದೆ. ಕೆಳಗೆ, ಮೇಲೆ, ಅಷ್ಟೆ. ಕೋವಿಯನ್ನು ಹೆಗಲಿನಿಂದ ಇಳಿಸಬೇಕಾಗಿಲ್ಲ. ಕಣ್ಣನ್ನು ಗುರಿಯಿಂದ ತೆಗೆಯಬೇಕಾಗಿಲ್ಲ.

1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಮಾರ್ಟಿನಿ-ಹೆನ್ರಿ ರೈಫಲಿನಲ್ಲೂ ಕೆಳಗೊಂದು ಸನ್ನೆಯಿತ್ತು. ಆದರೆ ಅದು ಒಂಟಿ ತೋಟೆಯ ಕೋವಿ. ಪ್ರತಿ ಈಡಿಗೂ ಒಂದೊಂದು ತೋಟೆಯನ್ನು ಕೈಯಾರೆ ಇಡಬೇಕು. ಭಾರತೀಯ ಸಿಪಾಯಿಗಳ ಕೈಗೆ ಅದು ಬಂದದ್ದು ತಡವಾಗಿ. 1857ರ ದಂಗೆಯ ನಂತರ ನಮ್ಮವರಿಗೆ ತಮಗಿಂತ ಒಂದು ಮೆಟ್ಟಿಲು ಹಿಂದಿನ ಆಯುಧವನ್ನೇ ಕೊಡುವುದು ಆಳುವವರ ನೀತಿಯಾಗಿತ್ತು. 1878ರ ಆಯುಧ ಕಾನೂನಿನಿಂದ ಸಾಮಾನ್ಯ ಜನರ ಕೋವಿಗೂ ಪರವಾನಿಗೆಯ ಕಟ್ಟು ಬಿತ್ತು. ಯಾವ ಕೈಯಲ್ಲಿ ಎಂತಹ ಕೋವಿ ಇರಬೇಕು ಎಂಬುದು ಯಂತ್ರಶಾಸ್ತ್ರದ ಪ್ರಶ್ನೆ ಮಾತ್ರವಾಗಿರಲಿಲ್ಲ.

ಬುಡ, ಕೊಳವೆ, ಪೆಟ್ಟಿಗೆ

ಹಲವು ತೋಟೆಗಳನ್ನು ಒಮ್ಮೆಗೇ ಹೊತ್ತ ಸನ್ನೆಯ ರೈಫಲುಗಳು ಅಮೇರಿಕದಲ್ಲಿ 1860ರ ಸುಮಾರಿಗೆ ಬಂದವು. ತೋಟೆಗಳನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ಮೂರು ಬಗೆ.

ಸ್ಪೆನ್ಸರನ ರೈಫಲಿನಲ್ಲಿ ಅವುಗಳ ಜಾಗ ಮರದ ಬುಡದೊಳಗೆ. ಹೆಗಲಿಗೆ ಒತ್ತುವ ತುದಿಯಿಂದ ಏಳು ತೋಟೆಗಳನ್ನು ಇಳಿಬಿಡಬೇಕು. ಕುದುರೆಯನ್ನು ಮಾತ್ರ ಪ್ರತಿ ಸಲವೂ ಹೆಬ್ಬೆರಳಿನಿಂದ ಎಳೆಯಬೇಕು.

ಹೆನ್ರಿಯ ರೈಫಲಿನಲ್ಲಿ ನಳಿಗೆಯ ಅಡಿಯಲ್ಲಿ ಇನ್ನೊಂದು ಉದ್ದ ಕೊಳವೆ. ಹದಿನಾರು ತೋಟೆ ಹಿಡಿಸುತ್ತಿತ್ತು. ಆದರೆ ಮುಂತುದಿಯಿಂದ ತುಂಬಬೇಕಾದ್ದರಿಂದ ಹಳೆಯ ಬಂದೂಕಿನಂತೆಯೇ ಕೋವಿಯನ್ನು ನಿಲ್ಲಿಸಿ ನಿಲ್ಲಬೇಕಿತ್ತು. 1866ರ ವಿಂಚೆಸ್ಟರಿನಲ್ಲಿ ಕೋವಿಯ ಬಲಮಗ್ಗುಲಿಗೆ ಸ್ಪ್ರಿಂಗಿನ ಒಂದು ಪುಟ್ಟ ಬಾಗಿಲು ಇಟ್ಟರು. ಹೆಬ್ಬೆರಳಿನಿಂದ ತೋಟೆಯನ್ನು ಅದರೊಳಕ್ಕೆ ತಳ್ಳಿದರಾಯಿತು. ಎರಡು ಈಡು ಹಾರಿಸಿ, ಎರಡು ತೋಟೆ ತುರುಕಿ, ಮತ್ತೆ ಹಾರಿಸಬಹುದು. ತುಂಬುವ ಕೆಲಸ ಹಾರಿಸುವ ಕೆಲಸವನ್ನು ನಿಲ್ಲಿಸಲಿಲ್ಲ. ಈ ಸಣ್ಣ ಬಾಗಿಲೇ ಸನ್ನೆಯ ಕೋವಿಯನ್ನು ಜನಪ್ರಿಯಗೊಳಿಸಿತು.

ಕೊಳವೆಗೊಂದು ದೋಷವಿದೆ. ಅದರಲ್ಲಿ ಒಂದು ತೋಟೆಯ ಮೂತಿ ಇನ್ನೊಂದರ ಹಿಂಬದಿಗೆ, ಅಂದರೆ ಕೇಪಿಗೆ ತಾಗಿಕೊಂಡಿರುತ್ತದೆ. ಚೂಪು ಮೂತಿಯ ಗುಂಡಾದರೆ ಕೋವಿ ಒದೆಯುವಾಗ ಕೇಪಿಗೆ ಚುಚ್ಚಿ ಕೊಳವೆಯೊಳಗೇ ಸಿಡಿದೀತು. ಆದ್ದರಿಂದ ಅಂತಹ ಕೋವಿಗೆ ಮೊಂಡು ಮೂತಿಯ ಗುಂಡುಗಳೇ ಬೇಕು. ಮೊಂಡು ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಮೂರನೆಯ ಬಗೆ, ಪೆಟ್ಟಿಗೆ. ಜಾನ್ ಬ್ರೌನಿಂಗ್ ರೂಪಿಸಿದ 1895ರ ವಿಂಚೆಸ್ಟರಿನಲ್ಲಿ ಟ್ರಿಗರಿನ ಮುಂದುಗಡೆ ಒಂದು ಪೆಟ್ಟಿಗೆಯಿದೆ. ಸನ್ನೆಯನ್ನು ಇಳಿಸಿ ಮೇಲ್ಗಡೆ ತೆರೆದು ತೋಟೆಗಳನ್ನು ಒಂದರ ಮೇಲೊಂದು ಒತ್ತಬೇಕು. ತೋಟೆಯ ಬುಡಕ್ಕೆ ಅಂಚು ಇರುವುದರಿಂದ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರುವಂತೆ ಇಡಬೇಕು. ಹಿಂದಾದರೆ ಒಂದಕ್ಕೊಂದು ಸಿಕ್ಕಿಕೊಂಡು ಕೋವಿ ಕಟ್ಟಿಕೊಳ್ಳುತ್ತದೆ. ತುಂಬುವ ಕೈಗೆ ಅಭ್ಯಾಸ ಬೇಕೆಂಬುದು ಇದಕ್ಕೇ. ಮೊದಲ ಮಹಾಯುದ್ಧದಲ್ಲಿ ರಷ್ಯಾ ದೇಶ ಈ ಜಾತಿಯ ಸುಮಾರು ಮೂರು ಲಕ್ಷ ರೈಫಲುಗಳನ್ನು ಅಮೇರಿಕದಿಂದ ತರಿಸಿಕೊಂಡಿತು. ಐದು ತೋಟೆಗಳನ್ನು ಒಂದೇ ಪಟ್ಟಿಯಿಂದ ಒಮ್ಮೆಗೇ ಇಳಿಸುವ ಏರ್ಪಾಡನ್ನು ಅವಕ್ಕೆ ಮಾಡಿಸಿತ್ತು.

ನಿಜಾಮನ ಸೀಮೆಯಲ್ಲಿ ಹುಟ್ಟಿದ ಬೇಟೆಗಾರ

ಕನ್ನಡ ನಾಡಿನಲ್ಲಿ ಸನ್ನೆಯ ರೈಫಲಿನ ಹೆಸರು ಉಳಿದಿರುವುದು ಒಬ್ಬ ಬೇಟೆಗಾರನಿಂದ. ಕೆನೆತ್ ಆಂಡರ್ಸನ್ 1910ರಲ್ಲಿ ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದ ಬೊಲಾರಮ್‌ನಲ್ಲಿ. ಬಾಳಿದ್ದು, 1974ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲಿ. ವಿಮಾನ ಕಾರ್ಖಾನೆಯ ನೌಕರಿ ಮಾಡುತ್ತ, ನರಭಕ್ಷಕ ಹುಲಿ ಚಿರತೆಗಳ ಸುದ್ದಿ ಬಂದಲ್ಲಿಗೆ ಹೋಗುತ್ತಿದ್ದರು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಓದಿದವರಿಗೆ ಇವರ ಪರಿಚಯವಿದೆ. ಇವರ ಮೆಚ್ಚಿನ ಆಯುಧ 1895ರ ಮಾದರಿಯ, .405 ತೋಟೆಯ ವಿಂಚೆಸ್ಟರ್. ಪೆಟ್ಟಿಗೆಯಲ್ಲಿ ನಾಲ್ಕು, ನಳಿಗೆಯಲ್ಲಿ ಒಂದು. ಅಮೇರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕದ ಬೇಟೆಗೆ ಒಯ್ದದ್ದೂ ಇದೇ ಜಾತಿಯ ಕೋವಿಯನ್ನು.

ಇಂಗ್ಲೆಂಡಿನ ಜೋಡುನಳಿಗೆಯ ದೊಡ್ಡ ರೈಫಲು ರಾಜರ, ದೊರೆಗಳ ಸೊತ್ತು. ಅದರ ಬೆಲೆ ನೌಕರಿಯವರಿಗೆ ನಿಲುಕುವಂಥದಲ್ಲ. ಅದರಲ್ಲಿ ಎರಡು ಈಡಾದ ಮೇಲೆ ತೆರೆದು ತುಂಬಬೇಕು. ಸನ್ನೆಯ ರೈಫಲಿನಲ್ಲಿ ಮೂರನೆಯದೂ ನಾಲ್ಕನೆಯದೂ ಕೈಗೆ ಸಿದ್ಧವಾಗಿರುತ್ತವೆ. ಗಾಯಗೊಂಡ ಚಿರತೆ ಪೊದೆಯಿಂದ ಹಾರಿ ಬರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಮಣಿ ಮತ್ತು ಕಂಡಿ

ಇಂತಹ ರೈಫಲಿನ ಗುರಿ ಸಾಮಾನ್ಯವಾಗಿ ಎರಡು ತುಂಡುಗಳದು. ಮುಂದೆ ನಳಿಗೆಯ ತುದಿಯಲ್ಲೊಂದು ಮಣಿ. ಹಿಂದೂಸ್ತಾನಿ ಮಾತಾಡುವ ಸಿಪಾಯಿಗಳು ಇದಕ್ಕೆ ‘ಮಕ್ಖಿ’, ಅಂದರೆ ನೊಣ ಎನ್ನುತ್ತಾರೆ. ಒಳ್ಳೆಯ ಹೆಸರು, ನಳಿಗೆಯ ಮೇಲೆ ಕುಳಿತ ನೊಣದಂತೆಯೇ ಕಾಣುತ್ತದೆ. ಹಿಂದೆ ತಗ್ಗಾದ ಒಂದು ಕಂಡಿ. ಕಂಡಿಯ ನಡುವೆ ಮಣಿ ಕೂತು, ಮಣಿಯ ಮೇಲೆ ಗುರಿ ಕೂತರೆ ಸರಿ.

ಇದರಲ್ಲಿರುವ ತೊಡಕು ಕಣ್ಣಿನದು. ಕಂಡಿ, ಮಣಿ, ಪ್ರಾಣಿ ಮೂರೂ ಮೂರು ದೂರದಲ್ಲಿವೆ. ಮನುಷ್ಯನ ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ಕಾಣಬಲ್ಲದು. ವಯಸ್ಸು ನಲುವತ್ತು ದಾಟಿ, ಪತ್ರಿಕೆಯನ್ನು ದೂರ ಹಿಡಿದು ಓದತೊಡಗಿದವರಿಗೆ ಕಂಡಿ ಪೂರ್ತಿ ಮಸುಕು. ಇದಕ್ಕೆ ಮದ್ದಾಗಿ ಬಂದದ್ದು ‘ತೂತಿನ ಗುರಿ’. ಕಂಡಿಯ ಬದಲು ಕಣ್ಣಿಗೆ ಹತ್ತಿರವಾಗಿ ಒಂದು ಸಣ್ಣ ತೂತಿನ ಬಿಲ್ಲೆ. ತೂತಿನ ಮೂಲಕ ನೋಡುವಾಗ ಕಣ್ಣು ತಾನಾಗಿಯೇ ನಡುವನ್ನು ಹುಡುಕಿಕೊಳ್ಳುತ್ತದೆ. ತೂತನ್ನು ನೋಡಬೇಕಾಗಿಯೇ ಇಲ್ಲ. ಮಣಿಯನ್ನು ನೋಡಿದರೆ ಸಾಕು. ಆದರೆ ಮುಸ್ಸಂಜೆಯಲ್ಲಿ ಸಣ್ಣ ತೂತು ಬೆಳಕನ್ನು ತಡೆಯುತ್ತದೆ. ಆಗ ಅಗಲ ಕಂಡಿಯೇ ವಾಸಿ.

ಅಳತೆಯ ಒಂದು ಲೆಕ್ಕ: ಮಣಿಗೂ ಕಂಡಿಗೂ ನಡುವೆ 60 ಸೆಂಟಿಮೀಟರ್ ಇದೆಯೆನ್ನೋಣ. ಮಣಿ ಒಂದೇ ಒಂದು ಮಿಲಿಮೀಟರ್ ಆಚೀಚೆ ಆದರೆ 60 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಹಂದಿಯ ಎದೆಗೆ ಇಟ್ಟದ್ದು ಹೊಟ್ಟೆಗೆ ತಾಗುತ್ತದೆ. ಆಂಡರ್ಸನ್ ರಾತ್ರಿ ಅಟ್ಟಣಿಗೆಯ ಮೇಲೆ ಕಾಯುವಾಗ ಕೋವಿಗೆ ಟಾರ್ಚನ್ನು ಕಟ್ಟಿಕೊಳ್ಳುತ್ತಿದ್ದರು. ಅದರ ಬೆಳಕು ಪ್ರಾಣಿಯನ್ನು ತೋರಿಸುವುದರ ಜೊತೆಗೆ ಮಣಿಯನ್ನೂ ತೋರಿಸಬೇಕು. ಕಾಣದ ಮಣಿಯಿಂದ ಹಾರಿಸಿದ ಈಡು ಗುರಿಯಲ್ಲ, ಊಹೆ.

ಉಮರ್ಗಾದ ದಾರಿಯಲ್ಲಿ

ಇಷ್ಟು ಅನುಕೂಲವಿದ್ದರೂ ಸನ್ನೆಯ ರೈಫಲನ್ನು ಹೆಚ್ಚಿನ ಸೈನ್ಯಗಳು ಒಪ್ಪಲಿಲ್ಲ. ನೆಲಕ್ಕೆ ಕವುಚಿ ಮಲಗಿ ಹಾರಿಸುವವನಿಗೆ ಸನ್ನೆಯನ್ನು ಕೆಳಕ್ಕೆ ಒತ್ತಲು ಜಾಗವಿಲ್ಲ, ಮಣ್ಣು ತಾಗುತ್ತದೆ. ಚಿಲಕದಂತೆ ಎತ್ತಿ ಹಿಂದಕ್ಕೆಳೆಯುವ ಬೋಲ್ಟಿನ ರೈಫಲಿಗೆ ಈ ತೊಂದರೆಯಿಲ್ಲ. ಬ್ರಿಟಿಷ್ ಭಾರತದ ಸೈನ್ಯಕ್ಕೂ ಅದೇ ಬಂತು: .303 ಲೀ-ಎನ್‌ಫೀಲ್ಡ್. ಪೆಟ್ಟಿಗೆಯಲ್ಲಿ ಹತ್ತು ತೋಟೆ. ಐದೈದರ ಎರಡು ಪಟ್ಟಿಗಳಿಂದ ಒತ್ತಿ ತುಂಬುವುದು. ತರಬೇತಾದ ಸಿಪಾಯಿ ನಿಮಿಷಕ್ಕೆ ಹದಿನೈದು ಈಡುಗಳನ್ನು ಗುರಿಯಿಟ್ಟು ಹಾರಿಸಬಲ್ಲ.

ಈಗ 1948ಕ್ಕೆ ಬರೋಣ. ಲಾತೂರಿನಲ್ಲಿ ವಕೀಲನಾಗಿದ್ದ ಕಾಸಿಂ ರಜ್ವಿ ರಜಾಕಾರರ ನಾಯಕನಾಗಿದ್ದ. ಇನ್ನೊಂದೆಡೆ, ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗೆಯ ರಾಷ್ಟ್ರೀಯ ಶಾಲೆಯಲ್ಲಿ ಹಿಂದೆ ಮಾಸ್ತರರಾಗಿದ್ದ, ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು. ಗಡಿಯಾಚೆಯ ಸೋಲಾಪುರದ ಕಡೆಯಲ್ಲಿ ಸ್ವಯಂಸೇವಕರ ಶಿಬಿರಗಳಿದ್ದವು. ರಜಾಕಾರರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿಯ ಬಳಿ ಮಾತ್ರ ಹೊಸ ಕಾಲದ ಆಯುಧಗಳಿದ್ದವು. ಉಳಿದವರದು ಬಾಯಿಯಿಂದ ತುಂಬುವ ಬಂದೂಕು ಮತ್ತು ಕತ್ತಿ. ಉದಗೀರದಲ್ಲಿ 1760ರಲ್ಲಿ ಕಂಡ ಆಯುಧವೇ! ಆದರೆ ಕೈಯಲ್ಲಿ ಏನೂ ಇಲ್ಲದ ಹಳ್ಳಿಯವನ ಎದುರು ಅಷ್ಟೇ ಸಾಕಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಇನ್ನೂರರಷ್ಟು ಜನ ಹತರಾದರೆಂದು ಹೇಳುತ್ತಾರೆ. ಅಲ್ಲಿ ಈಗ ಹುತಾತ್ಮರ ಸ್ಮಾರಕವಿದೆ.

ಸಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನೇತೃತ್ವದಲ್ಲಿ ಭಾರತೀಯ ಸೈನ್ಯ ಸೋಲಾಪುರದಿಂದ ಹೊರಟು ನಳದುರ್ಗವನ್ನು ಹಿಡಿಯಿತು. ಉಮರ್ಗಾದಲ್ಲಿ ಬೀಡುಬಿಟ್ಟ ದಳ ಮರುದಿನ ರಾಜೇಶ್ವರದತ್ತ ಸಾಗಿತು. ಸಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಮರಾಠವಾಡದಲ್ಲೂ ಕಲ್ಯಾಣ ಕರ್ನಾಟಕದಲ್ಲೂ ಆ ದಿನವನ್ನು ವಿಮೋಚನೆಯ ದಿನವೆಂದು ಇಂದಿಗೂ ಆಚರಿಸುತ್ತಾರೆ. ಟ್ಯಾಂಕು, ವಿಮಾನ, .303ಗಳ ಎದುರಿಗೆ ಠಾಸಣಿಯ ಬಂದೂಕು ಐದು ದಿನವೂ ನಿಲ್ಲಲಿಲ್ಲ. ಅದೇ ಬಂದೂಕು ಅದಕ್ಕೆ ಮೊದಲು ಎಷ್ಟೋ ತಿಂಗಳು ಹಳ್ಳಿಗಳನ್ನು ನಡುಗಿಸಿತ್ತು ಎಂಬುದನ್ನೂ ಮರೆಯಬಾರದು. ಎದುರಿನವನ ಕೈ ಬರಿದಾಗಿದ್ದರೆ ಹಳೆಯ ಆಯುಧವೂ ಭಯಂಕರವೇ.

ನಮ್ಮ ಮನೆಯ ಮೂಲೆಯಲ್ಲಿ

ಇನ್ನು ನಮ್ಮ ಊರಿನ ಮಾತು. ಅಡಿಕೆ, ಗೆಣಸು, ಬಾಳೆಗಳ ನಮ್ಮ ಕಡೆ ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಕೋವಿಗಳು ಅಲ್ಲಲ್ಲಿ ಇವೆ. ಚುನಾವಣೆ ಬಂದಾಗ ಅವು ಠಾಣೆಗೆ ಹೋಗುತ್ತವೆ, ಮುಗಿದ ಮೇಲೆ ಮನೆಗೆ ಮರಳುತ್ತವೆ. 1972ರ ವನ್ಯಜೀವಿ ಕಾನೂನಿನ ಮೇಲೆ ಬೇಟೆ ನಿಂತಿತು, ಅದು ಆಗಬೇಕಾದದ್ದೇ. ಹಂದಿಯ ಹಾವಳಿ ಮಿತಿಮೀರಿದ್ದರಿಂದ 2022ರಲ್ಲಿ ಕೇರಳ ಸರಕಾರ, ಬೆಳೆಗೆ ಬರುವ ಕಾಡುಹಂದಿಯನ್ನು ಪರವಾನಿಗೆಯುಳ್ಳವರಿಂದ ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯಾಡಳಿತದ ಮುಖ್ಯಸ್ಥರಿಗೆ ನೀಡಿತು. ಹೀಗೆ ವರ್ಷಗಟ್ಟಲೆ ಮುಟ್ಟದಿದ್ದ ಕೋವಿಗಳು ಮತ್ತೆ ಕೈಗೆ ಬಂದಿವೆ.

ಅಂತಹ ಕೋವಿಯನ್ನು ಎತ್ತಿಕೊಳ್ಳುವವರು ಮೇಲೆ ಹೇಳಿದ ಇತಿಹಾಸದಿಂದ ನಾಲ್ಕು ಮಾತು ತೆಗೆದುಕೊಳ್ಳಬಹುದು. ಬಾಯಿಯಿಂದ ತುಂಬುವ ಕೋವಿಯೊಳಗೆ ಹಳೆಯ ಈಡು ಇದೆಯೇ ಎಂಬುದನ್ನು ಸಲಾಕೆ ಇಳಿಸಿ, ಹೊರಗಿನ ಅಳತೆಗೆ ಹೋಲಿಸಿ ನೋಡದೆ ಮದ್ದು ಸುರಿಯಬಾರದು. ತೋಟೆಯ ಕೋವಿಯಾದರೆ ತೆರೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿಯೆಂದು ತಿಳಿಯಬೇಕು. ಮಣಿ ಕಾಣದಷ್ಟು ಕತ್ತಲಾದರೆ ಹಾರಿಸಬಾರದು. ಅಲುಗಿದ ಪೊದೆ ಹಂದಿಯೇ ಆಗಿರಬೇಕೆಂದಿಲ್ಲ, ಮುಂಜಾನೆ ಅಡಿಕೆ ಹೆಕ್ಕಲು ಬಂದ ನೆರೆಮನೆಯವರೂ ಆಗಿರಬಹುದು. ಹಂದಿಯ ದಾರಿಗೆ ಕೋವಿ ಕಟ್ಟಿಡುವುದಂತೂ ಕಾನೂನಿಗೂ ಧರ್ಮಕ್ಕೂ ಸಲ್ಲದು. ಆ ಕೋವಿಗೆ ತುಂಬಿದ ಕೈ ಮಾತ್ರ ಇದೆ, ಗುರಿಯಿಡುವ ಕಣ್ಣಿಲ್ಲ.

ಬಂದೂಕು ನಿಮಿಷಕ್ಕೆ ಎರಡು ಈಡಿನಿಂದ ಹದಿನೈದಕ್ಕೆ ಏರಲು ನೂರೈವತ್ತು ವರ್ಷ ಬೇಕಾಯಿತು. ಅದನ್ನು ಹಿಡಿದವನು ಟ್ರಿಗರ್ ಒತ್ತುವ ಮೊದಲು ಒಂದು ಗಳಿಗೆ ತಡೆಯಬೇಕು ಎಂಬ ನಿಯಮ ಮಾತ್ರ ಉದಗೀರದ ಕಾಲದಲ್ಲಿ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ.